ಚೌಳು ಹೊಲಕ್ಕೆ ಮರಳುಗಾಡಿನ ಜಿಪ್ಸಂ: ನನ್ನ ಅನುಭವ

ಹಿರಿಯೂರು ತಾಲ್ಲೂಕಿನ ನಮ್ಮ ಒಂದೂವರೆ ಎಕರೆ ಚೌಳು ಎರೆಯಲ್ಲಿ (ಕ್ಷಾರ ಏರಿದ ಕಪ್ಪು ಮಣ್ಣಿನಲ್ಲಿ) ಕಳೆದ ಮುಂಗಾರಿಗೆ ಇಪ್ಪತ್ತೆಂಟು ಕ್ವಿಂಟಲ್ ಮೆಕ್ಕೆಜೋಳ ಇಳಿಯಿತು. 2019ರಲ್ಲಿ ಅದೇ ಹೊಲಕ್ಕೆ ಚೌಳು ಇಳಿಸುವ ಬಿಳಿ ಖನಿಜದ ಪುಡಿ ಜಿಪ್ಸಂ ಎರಚಿದಾಗ ದೊಡ್ಡಪ್ಪ, "ಬಿಳಿಯ ಮೇಲೆ ಬಿಳಿ ಸುರಿದರೆ ಏನು ಬೆಳೆಯುತ್ತದಪ್ಪಾ?" ಎಂದು ಎಲ್ಲರೆದುರೇ ಕೇಳಿದ್ದರು. ಆ ವರ್ಷ ಅವರ ಮಾತೇ ನಿಜವಾಯಿತು. ಎರಡು ಟನ್ ಪುಡಿ, ಬಾಡಿಗೆ, ಆಳು ಎಂದು ಹದಿಮೂರು ಸಾವಿರ ಹೋಯಿತು. ಸೂರ್ಯಕಾಂತಿ ಮೊಣಕಾಲೆತ್ತರಕ್ಕೇ ಒಣಗಿತು. ಮರುವರ್ಷ ಬೇರೊಬ್ಬ ವ್ಯಾಪಾರಿಯ ಪುಡಿಯ ಮೇಲೆ ಕಕ್ಕಸು ತೊಳೆಯುವ ಆಸಿಡ್ ಬಿಟ್ಟರೆ ಬುಸ್ಸೆಂದು ನೊರೆ ಎದ್ದಿತು. ಜಿಪ್ಸಂ ಹಾಗೆ ನೊರೆಯಾಗುವುದಿಲ್ಲ. ಅದರಲ್ಲಿದ್ದದ್ದು ಬಹುಪಾಲು ಸುಣ್ಣಕಲ್ಲಿನ ಪುಡಿ! ಅಂದಿನಿಂದ ಆಸಿಡ್ ಹಾಕಿ ನೋಡದೆ ನಾನು ಒಂದು ಚೀಲವನ್ನೂ ಇಳಿಸಿಕೊಂಡಿಲ್ಲ.

2021ರಲ್ಲಿ ಚಳ್ಳಕೆರೆಯ ನಮ್ಮ ಭಾವ ಶೇಂಗಾ ನೋಡಲು ರಾಜಸ್ಥಾನದ ಬಿಕಾನೇರಿಗೆ ಹೊರಟಾಗ ಜೊತೆಗೆ ಹೋದೆ. ಜಾಮಸರದ ಕಡೆ ಕೈಬಿಟ್ಟ ಗಣಿಯೊಂದರ ಗುಂಡಿಗೆ ಇಳಿದೆ. ಮೇಲೆ ಗಾಳಿ ತಂದ ಮರಳು ಒಂದು ಮೊಳ, ಅದರಡಿ ಎದೆಮಟ್ಟದಷ್ಟು ದಪ್ಪದ ಬೂದುಬಿಳಿ ಜಿಪ್ಸಂ, ಇನ್ನೂ ಕೆಳಗೆ ಜೇಡಿ. ಜೇಡಿಯಲ್ಲಿ ಅಭ್ರಕದಂತೆ ಹೊಳೆಯುವ ಹಾಳೆಗಳಿದ್ದವು. ಅಭ್ರಕ ಬಗ್ಗಿಸಿ ಬಿಟ್ಟರೆ ನೆಟ್ಟಗಾಗುತ್ತದೆ. ಇದು ಬಗ್ಗಿದಂತೆಯೇ ನಿಂತು ಮುರಿಯಿತು. ಉಗುರಿನಿಂದ ಗೀರಿದರೆ ಗೆರೆಯೂ ಬಿತ್ತು.

ತಗ್ಗಿನಲ್ಲಿ ನಿಂತ ನೀರು ಬತ್ತುತ್ತಾ ಹೋದಂತೆ ಮೊದಲು ಸುಣ್ಣ, ಆಮೇಲೆ ಜಿಪ್ಸಂ, ಕಡೆಗೆ ಉಪ್ಪು ತಳಕ್ಕೆ ಕೂರುತ್ತವೆ. ಹರಿದುಹೋಗಲು ದಾರಿಯಿಲ್ಲ, ಕರಗಿಸುವಷ್ಟು ಮಳೆಯೂ ಇಲ್ಲ. ಅದಕ್ಕೇ ಅಲ್ಲಿ ಜಿಪ್ಸಂ ಕೈಗೆಟಕುವಷ್ಟು ಮೇಲೇ ಉಳಿದಿದೆ. ಆ ಗುಂಡಿಯಲ್ಲಿ ನಿಂತಾಗ ನನಗೆ ನಮ್ಮ ಹೊಲ ನೆನಪಾಯಿತು. ಅದೂ ಬಸಿಗಾಲುವೆ ಇಲ್ಲದ ತಗ್ಗು. ಜಿಪ್ಸಂ ನೀರಲ್ಲಿ ಕರಗಿದರೇ ಮಣ್ಣಿಗಂಟಿದ ಸೋಡಿಯಂ ಬಿಡುತ್ತದೆ, ಆ ನೀರು ಬಸಿದು ಹೊರಹೋದರೇ ಚೌಳು ಇಳಿಯುತ್ತದೆ. ನಾನೋ ಅದರ ಮೇಲೆ ಒಣಪುಡಿ ಎರಚಿ ಮಳೆ ಕಾಯುತ್ತಿದ್ದೆ.

ಊರಿಗೆ ಬಂದು ಲೆಕ್ಕ ಹಾಕಿದೆ. ಲೀಟರ್ ನೀರಿಗೆ ಕರಗುವ ಜಿಪ್ಸಂ ಎರಡು ಗ್ರಾಂಗಿಂತ ತುಸು ಹೆಚ್ಚು, ಅಷ್ಟೇ. ಎಕರೆಗೆ ನಾಲ್ಕು ಟನ್ ಕರಗಬೇಕಾದರೆ ಹೊಲದ ತುಂಬ ಒಂದು ಮೊಳದಷ್ಟು ನೀರು ಇಳಿಯಬೇಕು! ತಗ್ಗಿನ ಬದಿಗೆ ಮೂರಡಿ ಆಳದ ಬಸಿಗಾಲುವೆ ತೋಡಿಸಿದೆ. ಜೆಸಿಬಿಗೆ ಹನ್ನೊಂದು ಸಾವಿರ. ಜಿಪ್ಸಂಗೆ ಮೂವತ್ಮೂರು ಸಾವಿರದ ಆಸುಪಾಸು. 2022ರಲ್ಲಿ ನಮ್ಮ ವಾಣಿವಿಲಾಸ ಸಾಗರ ಅಣೆಕಟ್ಟು 89 ವರ್ಷಗಳ ನಂತರ ಕೋಡಿ ಬಿದ್ದದ್ದು ನನ್ನ ಪುಣ್ಯ. ನಾಲೆ ನೀರನ್ನು ನಾಲ್ಕಿಂಚಿನಂತೆ ನಾಲ್ಕು ಬಾರಿ ನಿಲ್ಲಿಸಿ ಬಸಿದೆ. ಮೊದಲ ನೀರು ಕಾಫಿ ಡಿಕಾಕ್ಷನ್ ಬಣ್ಣದ್ದು, ನಾಲ್ಕನೆಯದು ತಿಳಿ. ಆಮೇಲೆ ಹಸಿರೆಲೆ ಗೊಬ್ಬರಕ್ಕೆ ಡಯಂಚ ಬಿತ್ತಿ ಮಣ್ಣಿಗೆ ಮಗುಚಿದೆ. ಮಣ್ಣಿನ ರಸಸಾರ (ಪಿಎಚ್) 9.3ರಿಂದ 8.4ಕ್ಕೆ ಇಳಿಯಿತು. ಒಮ್ಮೆ ಬಸಿದ ಮೇಲೆ ಮತ್ತೆ ಯಾವಾಗ ನೀರು ಕಟ್ಟಬೇಕೆಂದು ತಿಳಿಯಲು ನನ್ನದೇ ಒಂದು ಬಾಟಲಿ ಪರೀಕ್ಷೆ ಇದೆ. ಇನ್ನೊಂದು ಹೊಲದಲ್ಲಿ ಗೆಲ್ಲುವವರೆಗೆ ಅದನ್ನು ಬಿಟ್ಟುಕೊಡುವುದಿಲ್ಲ.

ಗಣಿಯಿಂದ ತಂದ ಒಂದು ಹೆಂಟೆಯನ್ನು ಕುಟ್ಟಿ ರೊಟ್ಟಿ ಹಂಚಿನ ಮೇಲೆ ಹುರಿದೂ ನೋಡಿದೆ. ಮೇಲೆ ಹಿಡಿದ ತಟ್ಟೆಯಲ್ಲಿ ನೀರಹನಿ ಕಟ್ಟಿತು. ಜಿಪ್ಸಂ ತೂಕದ ಐದನೇ ಒಂದು ಭಾಗ ನೀರೇ ಅಲ್ಲವೇ? ಹುರಿದ ಪುಡಿಗೆ ನೀರು ಕಲಸಿ ಗೋಡೆಯ ಬಿರುಕಿಗೆ ಮೆತ್ತಿದೆ. ಕಾಲು ಗಂಟೆಯಲ್ಲಿ ಗಟ್ಟಿಯಾಯಿತು, ಇಂದಿಗೂ ಉದುರಿಲ್ಲ. ಉಳಿದ ಚೀಲಗಳನ್ನು ಮೇಲಿನ ಕೆಂಪು ಹೊಲದ ಶೇಂಗಾಕ್ಕೆ ಹೂ ಬಿಡುವಾಗ ಎಕರೆಗೆ ಇನ್ನೂರು ಕೆಜಿಯಂತೆ ಕೊಟ್ಟೆ. ಜೊಳ್ಳು ಕಾಯಿ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು.

ಆಳಿನ ಕೂಲಿಯೂ ಸೇರಿ ಖರ್ಚು ಐವತ್ತು ಸಾವಿರ ದಾಟಿದೆ. ಚೌಳು ಹೊಲದ ಈಶಾನ್ಯ ಮೂಲೆಯ ನಾಲ್ಕು ಗುಂಟೆ ಮಾತ್ರ ಇನ್ನೂ ಬೆಳ್ಳಗಿದೆ. ಬಸಿಗಾಲುವೆ ಅಲ್ಲಿಗೆ ಮುಟ್ಟಿಲ್ಲ.