ನಲವತ್ತು ಜನರ ರಕ್ಷಣಾ ಗುತ್ತಿಗೆ ಕಂಪನಿಯನ್ನು ಜಿಸಿಸಿ ಹೈಗೆ ಸಾಗಿಸಿದ ಬಗೆ

ಅಮೆರಿಕದ ರಕ್ಷಣಾ ಇಲಾಖೆಯ ದೊಡ್ಡ ಗುತ್ತಿಗೆದಾರರಿಗೆ ಲೋಹದ ಬಿಡಿಭಾಗ ಮಾಡಿಕೊಡುವ ಒಂದು ಕಾರ್ಖಾನೆಯನ್ನು ಮೈಕ್ರೋಸಾಫ್ಟ್ 365ರ ಸಾಮಾನ್ಯ ಕ್ಲೌಡಿನಿಂದ ಸರ್ಕಾರಿ ಕೆಲಸಕ್ಕೆಂದೇ ಇರುವ ಜಿಸಿಸಿ ಹೈಗೆ ಸಾಗಿಸಿದ ವಿವರ ಇದು. ಇಂಥ ಕೆಲಸದಲ್ಲಿ ಎಲ್ಲರೂ ಮೊದಲು ಕೇಳುವುದು ಮೇಲ್ ಎಷ್ಟು ಜಿಬಿ ಇದೆ ಎಂದು. ನಾವು ಅದನ್ನು ಕೊನೆಗೆ ಕೇಳಿದೆವು. ಮೊದಲು ಕೇಳಿದ್ದು ಸಿಯುಐ ಎಲ್ಲೆಲ್ಲಿ ಇದೆ ಎಂದು. ಸಿಯುಐ ಎಂದರೆ ರಹಸ್ಯ ದರ್ಜೆಯದ್ದಲ್ಲ, ಆದರೂ ಕಂಡಕಂಡವರ ಕೈಗೆ ಹೋಗಬಾರದ ಮಾಹಿತಿ: ಡ್ರಾಯಿಂಗ್, ಸ್ಪೆಸಿಫಿಕೇಶನ್, ಪರೀಕ್ಷಾ ವರದಿ.

ಸಾಗಲೇಬೇಕಾದ ಕಾರಣ ಗುತ್ತಿಗೆಯಲ್ಲೇ ಇದೆ. ಡಿಫಾರ್ಸ್ (ಅಮೆರಿಕದ ರಕ್ಷಣಾ ಖರೀದಿಯ ನಿಯಮಾವಳಿ) 252.204-7012 ಷರತ್ತಿನ ಪ್ರಕಾರ ಸಿಯುಐ ಇಡುವ ಕ್ಲೌಡ್ ಫೆಡ್‌ರ‍್ಯಾಂಪ್ ಮಾಡರೇಟ್ (ಸರ್ಕಾರಿ ಕ್ಲೌಡ್ ಭದ್ರತೆಯ ಮಧ್ಯಮ ದರ್ಜೆ) ಮಟ್ಟಕ್ಕೆ ಸಮನಾಗಿರಬೇಕು. ಜೊತೆಗೆ, ಸೈಬರ್ ಘಟನೆ ವರದಿ ಮಾಡುವ, ಸಾಕ್ಷ್ಯ ಉಳಿಸಿಕೊಡುವ ಹೊಣೆಯನ್ನೂ ಆ ಕ್ಲೌಡ್ ಕಂಪನಿ ಒಪ್ಪಿಕೊಂಡಿರಬೇಕು. ನಮ್ಮ ಡ್ರಾಯಿಂಗ್‌ಗಳಲ್ಲಿ ಐಟಾರ್ ಎಂಬ ಶಸ್ತ್ರಾಸ್ತ್ರ ರಫ್ತು ನಿಯಮಕ್ಕೆ ಒಳಪಟ್ಟವೂ ಇದ್ದವು. ಹಾಗಾಗಿ ಒಂದು ಮೆಟ್ಟಿಲು ಕೆಳಗಿನ ಸರ್ಕಾರಿ ಕ್ಲೌಡ್ ಜಿಸಿಸಿ ಸಾಲದು, ಜಿಸಿಸಿ ಹೈ ಬೇಕು ಎಂಬುದರಲ್ಲಿ ಚರ್ಚೆಗೆ ಜಾಗವಿರಲಿಲ್ಲ.

ಸಿಯುಐ ಹುಡುಕಲು ಪ್ರಶ್ನಾವಳಿ ಹಂಚಬೇಡಿ, ಯಾರೂ ಸರಿಯಾಗಿ ತುಂಬುವುದಿಲ್ಲ. ಒಂದು ಡ್ರಾಯಿಂಗ್ ಹಿಡಿದು ಅದರ ಹಿಂದೆಯೇ ನಡೆಯಿರಿ. ನಮ್ಮಲ್ಲಿ ಅದು ಮೇಲಿನಲ್ಲಿ ಬಂತು, ಡೌನ್‌ಲೋಡ್ಸ್ ಫೋಲ್ಡರಿಗೆ ಇಳಿಯಿತು, ಕಂಪನಿಯ ವ್ಯವಹಾರ ನಡೆಸುವ ಇಆರ್‌ಪಿ ತಂತ್ರಾಂಶದಲ್ಲಿ ಅಟ್ಯಾಚ್‌ಮೆಂಟ್ ಆಯಿತು, ಪ್ರಿಂಟರಿನ ಡಿಸ್ಕಿನಲ್ಲಿ ಒಂದು ಪ್ರತಿ ಬಿಟ್ಟಿತು, ಯುಎಸ್‌ಬಿಯಲ್ಲಿ, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಕ್ಕೆ ಹೋಯಿತು, ಕೊನೆಗೆ ಲೇಪನ ಮಾಡುವ ಉಪಗುತ್ತಿಗೆದಾರರ ಇನ್‌ಬಾಕ್ಸ್ ಸೇರಿತು. ಅದೇ ಷರತ್ತು ಆ ಉಪಗುತ್ತಿಗೆದಾರರಿಗೂ ಅನ್ವಯಿಸುತ್ತದೆ ಎಂಬುದನ್ನು ಅಲ್ಲೇ ಬರೆದಿಟ್ಟುಕೊಳ್ಳಿ.

ಸಿಯುಐ ಮುಟ್ಟುವವರನ್ನು ಮಾತ್ರ ಸಾಗಿಸುವುದೋ, ಎಲ್ಲರನ್ನೂ ಸಾಗಿಸುವುದೋ? ನಲವತ್ತರಲ್ಲಿ ಇಪ್ಪತ್ತೆರಡು ಜನ ಮುಟ್ಟುತ್ತಿದ್ದರು, ಎಲ್ಲರನ್ನೂ ಸಾಗಿಸಿದೆವು. ಐದಾರು ಜನರಷ್ಟೇ ಇದ್ದರೆ ಜಿಸಿಸಿ ಹೈನಲ್ಲಿ ಅವರಿಗಷ್ಟೇ ಪ್ರತ್ಯೇಕ ಆವರಣ ಕಟ್ಟಿ ಲೈಸೆನ್ಸ್ ಹಣ ಉಳಿಸಬಹುದು. ಅರ್ಧ ಕಂಪನಿಯೇ ಆವರಣದೊಳಗಿದ್ದರೆ, ಒಬ್ಬರಿಗೆ ಎರಡು ಇನ್‌ಬಾಕ್ಸ್ ಕೊಟ್ಟ ದಿನವೇ ಡ್ರಾಯಿಂಗ್ ತಪ್ಪು ಇನ್‌ಬಾಕ್ಸಿಗೆ ಬೀಳುತ್ತದೆ.

ಹಳೆಯ ಟೆನೆಂಟನ್ನು (ಕ್ಲೌಡಿನಲ್ಲಿ ಕಂಪನಿಗೆಂದೇ ಇರುವ ಜಾಗ) ಜಿಸಿಸಿ ಹೈಗೆ ಬಡ್ತಿ ಕೊಡುವ ದಾರಿ ಇಲ್ಲ. ಹೊಸದನ್ನು ತೆರೆದು ಎಲ್ಲವನ್ನೂ ಹೊತ್ತು ತರಬೇಕು. ನೀವು ಅರ್ಹರೇ ಎಂದು ಮೈಕ್ರೋಸಾಫ್ಟ್ ಮೊದಲು ಪರಿಶೀಲಿಸುತ್ತದೆ. ಸಣ್ಣ ಕಂಪನಿಗಳಿಗೆ ಲೈಸೆನ್ಸ್ ಸಿಗುವುದು ಇದಕ್ಕೆಂದು ಅನುಮತಿ ಪಡೆದ ಕೆಲವೇ ಮಾರಾಟಗಾರರಲ್ಲಿ. ಲೈಸೆನ್ಸ್ ಕೈಗೆ ಬರುವ ಮೊದಲು ಕಟೋವರ್ (ಹಳೆಯದನ್ನು ಬಿಟ್ಟು ಹೊಸದಕ್ಕೆ ಹಾರುವ) ದಿನಾಂಕ ಘೋಷಿಸಬೇಡಿ. ಹೊಸ ಟೆನೆಂಟಿನ ಲಾಗಿನ್, ಸರ್ವರ್ ವಿಳಾಸಗಳು ಬಹುಪಾಲು ಡಾಟ್ ಯುಎಸ್. ಆಡಳಿತದ ಆದೇಶಗಳನ್ನು ಬರೆಯುವ ಪವರ್‌ಶೆಲ್‌ನಿಂದ ಸಂಪರ್ಕಿಸುವಾಗ ಸರ್ಕಾರಿ ಎನ್‌ವಿರಾನ್‌ಮೆಂಟಿನ ಹೆಸರು ಕೊಡದಿದ್ದರೆ ಅದು ಸಾಮಾನ್ಯ ಕ್ಲೌಡಿನಲ್ಲಿ ಹುಡುಕಿ, ಇಂಥ ಖಾತೆ ಇಲ್ಲ ಎನ್ನುತ್ತದೆ. ಸಿಂಗಲ್ ಸೈನ್‌ಆನ್ (ಎಲ್ಲಕ್ಕೂ ಒಂದೇ ಲಾಗಿನ್) ಬಳಸುವ ಹೊರಗಿನ ಆ್ಯಪ್‌ಗಳದ್ದೂ ಇದೇ ಪಾಡು. ಡಾಟ್ ಯುಎಸ್ ಲಾಗಿನ್ ಒಪ್ಪುತ್ತೀರಾ ಎಂದು ಪ್ರತಿ ಕಂಪನಿಯನ್ನೂ ಬರವಣಿಗೆಯಲ್ಲಿ ಕೇಳಿ.

ಮೇಲ್ ಸಾಗಿಸುವ ಟೂಲ್ ಆರಿಸುವಾಗ ಬಹಳ ಜನ ಎಡವುತ್ತಾರೆ. ಆ ಟೂಲ್ ಸಾಮಾನ್ಯ ಕ್ಲೌಡಿನಲ್ಲಿ ನಡೆಯುವುದಾದರೆ ನಿಮ್ಮ ಸಿಯುಐ ಪೂರ್ತಿ ಅದರ ಮೂಲಕ ಹಾದುಹೋಗುತ್ತದೆ. ಯಾವುದನ್ನು ತಪ್ಪಿಸಲು ಹೊರಟಿರೋ ಅದನ್ನೇ ಮಾಡಿದಂತಾಯಿತು. ನಾವು ಟೂಲನ್ನು ನಮ್ಮದೇ ಸರ್ವರಿನಲ್ಲಿ ಕೂರಿಸಿ ನಡೆಸಿದೆವು. ಬ್ಯಾಕಪ್ ಸೇವೆಗೂ ಇದೇ ಪರೀಕ್ಷೆ ಹಚ್ಚಿ.

ಹಳೆಯ ಮೇಲನ್ನೆಲ್ಲ ವಾರಗಳ ಮೊದಲೇ ನಕಲು ಮಾಡಿಟ್ಟು, ಕಟೋವರ್ ದಿನಕ್ಕೆ ಹೊಸದಾಗಿ ಬಂದದ್ದನ್ನಷ್ಟೇ ಉಳಿಸಿಕೊಂಡೆವು. ಡಿಎನ್‌ಎಸ್ ಟಿಟಿಎಲ್ ಅನ್ನು (ವಿಳಾಸದ ದಾಖಲೆಯನ್ನು ಹೊರಗಿನ ಸರ್ವರುಗಳು ನೆನಪಿಟ್ಟುಕೊಳ್ಳುವ ಅವಧಿ) ಎರಡು ದಿನ ಮೊದಲು 300 ಸೆಕೆಂಡಿಗೆ ಇಳಿಸಿದೆವು. ಶುಕ್ರವಾರ ಸಂಜೆಯ ಕ್ರಮ ಹೀಗಿತ್ತು. ಮೊದಲು, ಮೇಲ್ ಎಲ್ಲಿಗೆ ತಲುಪಬೇಕೆಂದು ಹೇಳುವ ಎಂಎಕ್ಸ್ ದಾಖಲೆಯನ್ನು ಬೇಕೆಂದೇ ತಲುಪಲಾಗದ ಹೆಸರಿಗೆ ತಿರುಗಿಸುವುದು. ಆಗ ಕಳಿಸುವವರ ಸರ್ವರುಗಳು ಮೇಲನ್ನು ಸರದಿಯಲ್ಲಿಟ್ಟು ಮತ್ತೆ ಮತ್ತೆ ಯತ್ನಿಸುತ್ತವೆ. ಹಳೆಯ ಟೆನೆಂಟಿನತ್ತಲೇ ಬಿಟ್ಟರೆ, ಡೊಮೈನ್ ತೆಗೆದ ಕ್ಷಣದಿಂದ ಅದು ಪ್ರತಿ ಮೇಲನ್ನೂ ಖಾಯಂ ದೋಷವೆಂದು ವಾಪಸ್ ಕಳಿಸುತ್ತದೆ, ಸರದಿಯೇ ಇರುವುದಿಲ್ಲ. ಅದಾದ ಮೇಲೆ ಕೊನೆಯ ನಕಲು, ನಂತರ ಹಳೆಯ ಟೆನೆಂಟಿನಿಂದ ಡೊಮೈನ್ ತೆಗೆಯುವುದು.

ಹಳೆಯ ಟೆನೆಂಟ್ ಡೊಮೈನನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಬಳಕೆದಾರರು, ಹಂಚಿಕೆಯ ಮೇಲ್‌ಬಾಕ್ಸ್, ಗ್ರೂಪ್, ಟೀಮ್ಸ್ ಹಿಂದಿನ ಗ್ರೂಪ್, ಅಳಿಸಿಟ್ಟ ಖಾತೆ, ಇವುಗಳಲ್ಲಿ ಎಲ್ಲೋ ಆ ಡೊಮೈನಿನ ಒಂದು ಅಡ್ಡವಿಳಾಸ (ಅಲಿಯಾಸ್) ಉಳಿದಿದ್ದರೂ ಕೆಲಸ ನಿಲ್ಲುತ್ತದೆ. ಇದಕ್ಕೆ ಸ್ಕ್ರಿಪ್ಟ್ ಬರೆದು ಒಂದು ವಾರ ಮೊದಲೇ ಪಟ್ಟಿ ತೆಗೆದಿಟ್ಟುಕೊಳ್ಳಿ. ಡೊಮೈನ್ ಹೊಸದರಲ್ಲಿ ದೃಢವಾದ ಮೇಲೆ ಎಂಎಕ್ಸ್, ಎಸ್‌ಪಿಎಫ್ (ನಮ್ಮ ಹೆಸರಲ್ಲಿ ಮೇಲ್ ಕಳಿಸಬಹುದಾದ ಸರ್ವರುಗಳ ಪಟ್ಟಿ), ಆಟೋಡಿಸ್ಕವರ್ (ಔಟ್‌ಲುಕ್‌ಗೆ ಮೇಲ್‌ಬಾಕ್ಸ್ ಎಲ್ಲಿದೆ ಎಂದು ತೋರಿಸುವ ದಾಖಲೆ) ಮೂರನ್ನೂ ಡಾಟ್ ಯುಎಸ್ ವಿಳಾಸಗಳಿಗೆ ಬದಲಿಸಿ, ಡಿಕಿಮ್ (ಮೇಲಿಗೆ ಹಾಕುವ ಡಿಜಿಟಲ್ ಸಹಿ) ಹೊಸದಾಗಿ ಮಾಡಿಕೊಳ್ಳಬೇಕು. ಸ್ಕ್ಯಾನ್ ಮಾಡಿ ಮೇಲ್ ಕಳಿಸುವ ಪ್ರಿಂಟರಿನಲ್ಲಿ ಎಸ್‌ಎಂಟಿಪಿ (ಮೇಲ್ ಕಳಿಸುವ ಸರ್ವರ್) ಹೆಸರು ಬದಲಿಸುವುದು ಮರೆತರೆ ಸೋಮವಾರದ ಮೊದಲ ದೂರು ಅದೇ.

ಇನ್ನೊಂದು ದೂರು ಬಂದೇ ಬರುತ್ತದೆ: ಸಹೋದ್ಯೋಗಿಯ ಹಳೆಯ ಮೇಲಿಗೆ ಉತ್ತರಿಸಿದರೆ ವಾಪಸ್ ಬರುತ್ತದೆ. ಔಟ್‌ಲುಕ್ ಕಂಪನಿಯ ಒಳಗಿನವರನ್ನು ಇಮೇಲ್ ವಿಳಾಸದಿಂದ ಅಲ್ಲ, ಮೈಕ್ರೋಸಾಫ್ಟಿನ ಮೇಲ್ ಸರ್ವರ್ ಎಕ್ಸ್‌ಚೇಂಜ್‌ನ ಒಳ ಗುರುತಿನಿಂದ ನೆನಪಿಟ್ಟಿರುತ್ತದೆ. ಹಳೆಯ ಟೆನೆಂಟ್ ಮುಚ್ಚುವ ಮೊದಲು ಪ್ರತಿ ಮೇಲ್‌ಬಾಕ್ಸಿನ ಆ ಗುರುತನ್ನು ತೆಗೆದು ಹೊಸ ಮೇಲ್‌ಬಾಕ್ಸಿಗೆ ಎಕ್ಸ್500 ವಿಳಾಸವಾಗಿ ಸೇರಿಸಿ, ದೂರು ಹುಟ್ಟುವುದೇ ಇಲ್ಲ.

ಕಂಪ್ಯೂಟರುಗಳನ್ನು ಹಳೆಯ ಟೆನೆಂಟಿನಿಂದ ಬಿಡಿಸುವ ಮುಂಚೆ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಷನ್) ರಿಕವರಿ ಕೀಗಳನ್ನು ಹೊರತೆಗೆಯಲೇಬೇಕು. ಅವು ಅಲ್ಲೇ ಉಳಿದು, ಆಮೇಲೆ ಯಾವುದೋ ಲ್ಯಾಪ್‌ಟಾಪ್ ಕೀ ಕೇಳಿದರೆ ಅದರ ಡೇಟಾ ಹೋದಂತೆಯೇ. ನಾವು ಯಂತ್ರಗಳನ್ನು ಪೂರ್ತಿ ಅಳಿಸಿ ಹೊಸದಾಗಿ ಕಟ್ಟಿದೆವು, ಫಿಪ್ಸ್ ಮೋಡ್ (ಸರ್ಕಾರ ಒಪ್ಪಿದ ಎನ್‌ಕ್ರಿಪ್ಷನ್ ಮಾತ್ರ ಬಳಸುವ ಸೆಟ್ಟಿಂಗ್) ಹಾಕಿದ ಮೇಲೆಯೇ ಬಿಟ್‌ಲಾಕರ್ ಶುರುಮಾಡಿದೆವು. ಈ ಕ್ರಮ ಹಿಂದುಮುಂದಾದರೆ ಡಿಸ್ಕಿನ ಎನ್‌ಕ್ರಿಪ್ಷನ್ ತೆಗೆದು ಮತ್ತೆ ಎನ್‌ಕ್ರಿಪ್ಟ್ ಮಾಡಬೇಕಾಗುತ್ತದೆ.

ಕಾರ್ಖಾನೆಯ ನೆಲದ ಸಮಸ್ಯೆಗೆ ಕ್ಲೌಡಿನಲ್ಲಿ ಉತ್ತರವಿಲ್ಲ. ಸಿಎನ್‌ಸಿ ನಿಯಂತ್ರಕಗಳು ಎನ್‌ಕ್ರಿಪ್ಟ್ ಆದ ಯುಎಸ್‌ಬಿಯನ್ನು ಓದಲಿಲ್ಲ. ಸಿಯುಐ ರಕ್ಷಣೆಯ ಅಮೆರಿಕನ್ ಮಾನದಂಡವಾದ ಎನ್‌ಐಎಸ್‌ಟಿ 800-171ರ 3.8.6ನೇ ನಿಯಮ, ಸಾಗಿಸುವ ಮಾಧ್ಯಮಕ್ಕೆ ಎನ್‌ಕ್ರಿಪ್ಷನ್ ಬೇಕು, ಇಲ್ಲವೇ ಬದಲಿ ಭೌತಿಕ ರಕ್ಷಣೆ ಇರಬೇಕು ಎನ್ನುತ್ತದೆ. ಎರಡನೆಯ ದಾರಿ ಹಿಡಿದೆವು: ನಂಬರ್ ಹಾಕಿದ ಯುಎಸ್‌ಬಿಗಳು, ಬೀಗದ ಪೆಟ್ಟಿಗೆ, ಕೊಟ್ಟು ಪಡೆದ ಸಹಿಯ ಪುಸ್ತಕ, ನಿಯಂತ್ರಿತ ಆವರಣದಿಂದ ಹೊರಗೆ ಹೋಗಕೂಡದು ಎಂಬ ಕಟ್ಟಪ್ಪಣೆ. ಸಿಎನ್‌ಸಿ ಯಂತ್ರಗಳನ್ನು ವಿಶೇಷ ಆಸ್ತಿ (ಎಲ್ಲ ಭದ್ರತಾ ನಿಯಮ ಅಳವಡಿಸಲಾಗದ ಉಪಕರಣ) ಎಂದು ದಾಖಲಿಸಿ, ಅವುಗಳ ನೆಟ್‌ವರ್ಕನ್ನು ಬೇರ್ಪಡಿಸಿದೆವು.

ಜಿಸಿಸಿ ಹೈ ಕೊಂಡರೆ ಸಿಎಂಎಂಸಿ (ರಕ್ಷಣಾ ಇಲಾಖೆಯ ಸೈಬರ್ ಭದ್ರತಾ ಮಾನ್ಯತೆ) ಬಂದಂತೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 800-171ರ ಎರಡನೇ ಪರಿಷ್ಕರಣೆಯಲ್ಲಿ 110 ನಿಯಮಗಳಿವೆ, ಅವುಗಳನ್ನು ಅಳೆಯಲು 320 ಅಂಶಗಳಿವೆ. ಪ್ಲಾಟ್‌ಫಾರ್ಮ್ ಕೆಲವಕ್ಕೆ ಹೆಗಲು ಕೊಡುತ್ತದೆ. ತರಬೇತಿ, ಕಟ್ಟಡದ ಭದ್ರತೆ, ಲಾಗ್ ನೋಡುವವರು ಯಾರು, ಘಟನೆಯಾದಾಗ 72 ಗಂಟೆಯೊಳಗೆ ವರದಿ ಮಾಡುವವರು ಯಾರು, ಇವೆಲ್ಲ ನಿಮ್ಮ ತಲೆಯ ಮೇಲೆಯೇ. ಆ ವರದಿಗೆ ಬೇಕಾದ ಡಿಜಿಟಲ್ ಸರ್ಟಿಫಿಕೇಟನ್ನು ಮೊದಲೇ ಪಡೆದಿಟ್ಟುಕೊಳ್ಳಿ, ಘಟನೆಯಾದ ದಿನ ಅರ್ಜಿ ಹಾಕಿದರೆ ಗಡಿಯಾರ ಕಾಯುವುದಿಲ್ಲ. ಮೌಲ್ಯಮಾಪನದ ಅಂಕ 110ರಿಂದ ಶುರುವಾಗಿ ಕೊರತೆಯ ತೂಕಕ್ಕೆ ತಕ್ಕಂತೆ 1, 3, 5ರಂತೆ ಇಳಿದು ಮೈನಸ್ 203ರವರೆಗೂ ಹೋಗಬಹುದು. ಸಿಎಂಎಂಸಿಯ ಎರಡನೇ ಹಂತದ ಷರತ್ತುಬದ್ಧ ಮಾನ್ಯತೆಗೆ ಕನಿಷ್ಠ 88 ಬೇಕು, ಬಾಕಿ ಉಳಿದದ್ದನ್ನು 180 ದಿನದೊಳಗೆ ಮುಗಿಸಬೇಕು. ವ್ಯವಸ್ಥೆಯ ಭದ್ರತಾ ಯೋಜನೆ ಬರೆದಿಲ್ಲದಿದ್ದರೆ ಮೌಲ್ಯಮಾಪನವೇ ಆಗುವುದಿಲ್ಲ. ಆದ್ದರಿಂದ ಪ್ರತಿ ಸೆಟ್ಟಿಂಗ್ ಮಾಡಿದ ದಿನವೇ ಅದರ ಸ್ಕ್ರೀನ್‌ಶಾಟ್ ಯೋಜನೆಗೆ ಸೇರುವಂತೆ ನೋಡಿಕೊಂಡೆವು.

ಉಳಿದದ್ದು ಹಳೆಯ ಟೆನೆಂಟ್. ಅದರಲ್ಲಿ ಸಿಯುಐ ಇನ್ನೂ ಇದೆ. ರಿಟೆನ್ಷನ್ ನೀತಿ (ಡೇಟಾ ಉಳಿಸಿಡುವ ನಿಯಮ), ಲಿಟಿಗೇಷನ್ ಹೋಲ್ಡ್ (ಕೋರ್ಟು ವ್ಯಾಜ್ಯಕ್ಕೆಂದು ಹಿಡಿದಿಡುವುದು) ತೆಗೆಯದೆ ಅಳಿಸಿದರೆ ಅದು ಅಳಿಯುವುದೇ ಇಲ್ಲ. ಹಾಗಾಗಿ ವಕೀಲರ ಒಪ್ಪಿಗೆ ಪಡೆದು ಅವನ್ನು ತೆಗೆದೆವು, ಮೇಲ್‌ಬಾಕ್ಸ್ ಮತ್ತು ಸೈಟುಗಳನ್ನು ಅಳಿಸಿದೆವು, ಹಳೆಯ ಬ್ಯಾಕಪ್ ಸೇವೆಯವರಿಂದ ಅಳಿಸಿದ ದೃಢೀಕರಣ ಪಡೆದೆವು, ಸಿಬ್ಬಂದಿಯ ಫೋನುಗಳಿಂದ ಹಳೆಯ ಖಾತೆ ಕಿತ್ತೆವು. ಪ್ರಿಂಟರನ್ನು ಬಾಡಿಗೆ ಕಂಪನಿಗೆ ಹಿಂದಿರುಗಿಸುವ ಮೊದಲು ಅದರ ಹಾರ್ಡ್ ಡಿಸ್ಕ್ ಬಿಚ್ಚಿ ಪುಡಿ ಮಾಡಿಸಿ, ಸೀರಿಯಲ್ ನಂಬರನ್ನು ದಾಖಲೆಯಲ್ಲಿ ಬರೆದೆವು.