ಎಡಗೈಗೆ ನಾನು ಮಾಡಿಕೊಂಡ ಹೊಂದಾಣಿಕೆಗಳು

ನಾನು ಎಡಚ. ನೂರು ಜನರಲ್ಲಿ ಹೆಚ್ಚುಕಡಿಮೆ ಹತ್ತು ಮಂದಿ ನಮ್ಮವರೇ ಇರುತ್ತಾರೆ. ಆದರೂ ಸಾಮಾನು ತಯಾರಿಸುವವರ ಲೆಕ್ಕಕ್ಕೆ ನಾವು ಬರುವುದಿಲ್ಲ. ಎಡಚರಿಗೆಂದೇ ಮಾಡಿದ್ದನ್ನು ಕೊಂಡುಕೊಳ್ಳಿ ಅಂತ ಸಲಹೆ ಕೊಡುವವರು ಜಾಸ್ತಿ. ನನ್ನ ಪ್ರಕಾರ ಅದರಲ್ಲಿ ಮುಕ್ಕಾಲು ಪಾಲು ಬೇಡ, ಕೈ ಇಡುವ ರೀತಿ ಬದಲಾಯಿಸಿಕೊಂಡರೆ ಸಾಕು. ಕತ್ತರಿಯೊಂದು ಮಾತ್ರ ಬೇರೆ.

ಮೊದಲು ಬರವಣಿಗೆ. ನಾವು ಬರೆಯುವುದು ಎಡದಿಂದ ಬಲಕ್ಕೆ. ಹಾಗಾಗಿ ಎಡಗೈ ಆಗ ತಾನೇ ಬರೆದ ಅಕ್ಷರದ ಮೇಲೇ ಉಜ್ಜಿಕೊಂಡು ಹೋಗುತ್ತದೆ, ಪುಟವೂ ಮಸಿ, ಕಿರುಬೆರಳಿನ ಪಕ್ಕವೂ ಮಸಿ. ಲಿಯೊನಾರ್ಡೊ ಡಾ ವಿಂಚಿ ಎಡಚ, ತನ್ನ ಟಿಪ್ಪಣಿಗಳನ್ನು ಬಲದಿಂದ ಎಡಕ್ಕೆ ಕನ್ನಡಿಯಲ್ಲಿ ಕಂಡ ಹಾಗೆ ಬರೆದಿಟ್ಟ. ನಾವು ಹಾಗೆ ಬರೆದರೆ ಓದುವವರು ಯಾರು, ಅಲ್ವಾ?

ತುಂಬ ಎಡಚರು ಮಣಿಕಟ್ಟನ್ನು ಕೊಕ್ಕೆಯಂತೆ ಬಗ್ಗಿಸಿ ಸಾಲಿನ ಮೇಲಿನಿಂದ ಬರೆಯುತ್ತಾರೆ. ಮಸಿ ಮೆತ್ತುವುದು ಕಡಿಮೆಯಾಗುತ್ತದೆ ನಿಜ, ಆದರೆ ಸ್ವಲ್ಪ ಹೊತ್ತಿಗೇ ಕೈ ನೋವು. ನಾನು ಕೈ ಬಗ್ಗಿಸುವ ಬದಲು ಹಾಳೆಯನ್ನು ತಿರುಗಿಸಿದೆ. ಹಾಳೆಯನ್ನು ಎದೆಯ ನೇರಕ್ಕಿಂತ ಕೊಂಚ ಎಡಕ್ಕೆ ಇಟ್ಟು, ಅದರ ಮೇಲ್ತುದಿ ಬಲಕ್ಕೆ ವಾಲುವಂತೆ ಓರೆ ಮಾಡಿಕೊಳ್ಳುತ್ತೇನೆ. ಆಗ ಕೈ ತಾನಾಗಿ ಸಾಲಿನ ಕೆಳಗೆ ಬಂದು ಕೂರುತ್ತದೆ, ಮಣಿಕಟ್ಟು ನೆಟ್ಟಗಿರುತ್ತದೆ. ಕನ್ನಡ ಬರೆಯುವಾಗ ಇನ್ನೊಂದು ತೊಡಕಿದೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಕೈ ಅವನ್ನೇ ಅಳಿಸಿಬಿಡುತ್ತದೆ. ಅದಕ್ಕೇ ಪೆನ್ನನ್ನು ತುದಿಯಿಂದ ಇನ್ನಷ್ಟು ಮೇಲೆ ಹಿಡಿಯುವುದು ರೂಢಿ ಮಾಡಿಕೊಂಡೆ. ಮೊದಮೊದಲು ಅಕ್ಷರ ಸೊಟ್ಟಗಾಗುತ್ತವೆ, ಆಗಲಿ ಬಿಡಿ.

ಪೆನ್ನಿನ ವಿಷಯ. ಬಲಗೈಯವರು ಪೆನ್ನನ್ನು ಎಳೆಯುತ್ತಾರೆ, ನಾವು ಬಹುಪಾಲು ತಳ್ಳುತ್ತೇವೆ, ಹಾಗಾಗಿ ಚೂಪು ನಿಬ್ಬು ಹಾಳೆಗೆ ಕಚ್ಚಿಕೊಳ್ಳುತ್ತದೆ. ಜೆಲ್ ಪೆನ್ನಿನ ಇಂಕು ಒಣಗುವಷ್ಟು ಹೊತ್ತು ನಮ್ಮ ಕೈ ಕಾಯುವುದಿಲ್ಲ. ಸಾದಾ ಬಾಲ್ ಪೆನ್ನೇ ನನಗೆ ಸರಿ. ಸ್ಪೈರಲ್ ನೋಟ್‌ಬುಕ್ಕಿನ ತಂತಿ ಕೈಗೆ ಒತ್ತುತ್ತದಲ್ಲ, ಅದನ್ನು ಹಿಂಬದಿಯಿಂದ ಶುರು ಮಾಡಿ, ತಂತಿ ಬಲಕ್ಕೆ ಹೋಗುತ್ತದೆ.

ಇನ್ನು ಕತ್ತರಿ. ಮಾಮೂಲಿ ಕತ್ತರಿಯನ್ನು ಹೇಗೆ ಮಗುಚಿ ಹಿಡಿದರೂ ಮೇಲೆ ಬರುವುದು ಬಲಗಡೆಯ ಅಲಗೇ. ಬಲಗೈಯಲ್ಲಿ ಹಿಡಿದು ಮುಚ್ಚುವಾಗ ಹೆಬ್ಬೆರಳು ಹೊರಕ್ಕೆ ತಳ್ಳುತ್ತದೆ, ಉಳಿದ ಬೆರಳು ಒಳಕ್ಕೆ ಎಳೆಯುತ್ತವೆ, ಅದರಿಂದ ಎರಡು ಅಲಗೂ ಒಂದಕ್ಕೊಂದು ಒತ್ತಿ ಕೂರುತ್ತವೆ. ಎಡಗೈಯಲ್ಲಿ ಅದೇ ಚಲನೆ ಅಲಗುಗಳನ್ನು ದೂರ ಮಾಡುತ್ತದೆ. ಬಟ್ಟೆ ತುಂಡಾಗುವ ಬದಲು ಮಡಚಿಕೊಂಡು ನಡುವೆ ಸಿಕ್ಕಿಬೀಳುತ್ತದೆ, ಮೇಲಿನ ಅಲಗು ಅಡ್ಡ ಬಂದು ಗುರುತಿನ ಗೆರೆಯೂ ಕಾಣುವುದಿಲ್ಲ. ಕತ್ತರಿ ಮೊಂಡಾಗಿದೆ ಅಂತ ಸುಮ್ನೆ ಅದನ್ನು ಬೈಯುತ್ತೇವೆ. ಹೆಬ್ಬೆರಳನ್ನು ಅಂಗೈ ಕಡೆಗೆ ಎಳೆದು, ಬೆರಳುಗಳನ್ನು ಹೊರಕ್ಕೆ ತಳ್ಳಿದರೆ ಕಾಗದ ಕತ್ತರಿಸಬಹುದು. ದಪ್ಪ ಬಟ್ಟೆಗೆ ಈ ಉಪಾಯ ಸಾಲದು, ಎಡಚರ ಕತ್ತರಿಯೇ ಬೇಕು. ಕೊಳ್ಳುವಾಗ ಹಿಡಿಕೆ ನೋಡಬೇಡಿ, ‘ಎರಡೂ ಕೈಗೆ ಆಗುತ್ತದೆ’ ಅನ್ನುವುದರಲ್ಲಿ ಎಷ್ಟೋ ಸಲ ಹಿಡಿಕೆ ಮಾತ್ರ ಬದಲಾಗಿರುತ್ತದೆ. ತುದಿ ಮುಂದಕ್ಕಿರುವಂತೆ ಹಿಡಿದು ಬಾಯಿ ತೆರೆಯಿರಿ. ಮೇಲಿನ ಅಲಗು ಎಡಗಡೆ ಇದ್ದರೆ ಅದು ನಿಜವಾಗಿ ನಮ್ಮದು.

ಮೌಸನ್ನು ಎಡಕ್ಕೆ ಇಟ್ಟಿದ್ದೇನೆ, ಆದರೆ ಬಟನ್ ಅದಲುಬದಲು ಮಾಡಿಲ್ಲ. ಮಾಡಿದರೆ ಬೇರೆಯವರ ಕಂಪ್ಯೂಟರಿನಲ್ಲಿ ಒದ್ದಾಡಬೇಕು. ಇನ್ನೊಂದು ಅನುಕೂಲ, ಬಲಗೈ ಖಾಲಿ ಇರುವುದರಿಂದ ಕೀಬೋರ್ಡಿನ ಬಲಗಡೆಯ ಅಂಕಿಗಳನ್ನು ಸರಾಗವಾಗಿ ಒತ್ತುತ್ತೇನೆ. ಬಲಗೈಗೆಂದು ಒಂದು ಕಡೆ ಉಬ್ಬಿಸಿದ ಮೌಸ್ ಬೇಡ, ಎರಡೂ ಬದಿ ಒಂದೇ ತರಹ ಇರುವುದನ್ನು ತಗೊಳ್ಳಿ.

ಸ್ಕ್ರೂ ವಿಷಯದಲ್ಲಿ ನಮಗೇ ಲಾಭ. ಅಂಗೈ ಮೇಲಾಗುವಂತೆ ಮುಂಗೈ ತಿರುಗಿಸುವಾಗ ಬಲ ಜಾಸ್ತಿ. ಬಲಗೈಯಲ್ಲಿ ಆ ತಿರುವು ಸ್ಕ್ರೂ ಬಿಗಿ ಮಾಡುವ ಕಡೆಗೆ, ಎಡಗೈಯಲ್ಲಿ ಬಿಚ್ಚುವ ಕಡೆಗೆ. ಗಟ್ಟಿಯಾಗಿ ಕೂತ ಸ್ಕ್ರೂ ಇದ್ದರೆ ಮೊಣಕೈ ಮಡಚಿ ಎಡಗೈಯಲ್ಲೇ ಬಿಚ್ಚುತ್ತೇನೆ, ಬಿಗಿ ಮಾಡುವಾಗ ಸ್ಕ್ರೂಡ್ರೈವರ್ ಬಲಗೈಗೆ ಹೋಗುತ್ತದೆ.