ಮಾವಿನ ಸಾಲಿನ ನಡುವೆ ನವಣೆ: ಮಡಕಶಿರಾ ಸೀಮೆಯ ಕೆಂಪು ನೆಲಕ್ಕೊಂದು ಕ್ರಮ

ಕರ್ನಾಟಕದ ಗಡಿಗೆ ತಾಗಿದ ಆಂಧ್ರಪ್ರದೇಶದ ಮಡಕಶಿರಾ, ರೊಳ್ಳ, ರಾಯದುರ್ಗ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್ ಮಾತ್ರ. 33 ಅಡಿಗೊಂದರಂತೆ ಎಕರೆಗೆ 40 ಮಾವಿನ ಸಸಿ ನೆಟ್ಟ ರೈತ ಫಸಲಿಗಾಗಿ ನಾಲ್ಕೈದು ವರ್ಷ ಕಾಯಬೇಕಾಗುತ್ತದೆ, ಅಷ್ಟು ಕಾಲವೂ ಸಾಲುಗಳ ನಡುವಿನ ನೆಲ ಬರಿದೇ ಬಿದ್ದಿರುತ್ತದೆ. ಅಲ್ಲಿ ಧಾನ್ಯ ಬೆಳೆಯಬಹುದು. ಆದರೆ ಬೆಳೆಯನ್ನು ಆರಿಸುವಾಗ ಇಳುವರಿಗಿಂತ ಮೊದಲು ನೋಡಬೇಕಾದದ್ದು ಅದು ಎಷ್ಟು ದಿನದಲ್ಲಿ ನೆಲ ಬಿಟ್ಟುಕೊಡುತ್ತದೆ ಎಂಬುದನ್ನು.

ಫಲಕ್ಕೆ ಬಂದ ಮಾವು ಡಿಸೆಂಬರ್–ಜನವರಿಯಲ್ಲಿ ಹೂ ಬಿಡುತ್ತದೆ. ಅದಕ್ಕೂ ಮುಂಚಿನ ಎರಡು ಮೂರು ತಿಂಗಳು ಮರಕ್ಕೆ ಒಣ ವಿಶ್ರಾಂತಿ ಬೇಕು. ಹಿಂಗಾರಿನಲ್ಲಿ ನೀರು ಕಟ್ಟಿ ಬೆಳೆಯುವ ಧಾನ್ಯ ಈ ವಿಶ್ರಾಂತಿಯನ್ನು ಕೆಡಿಸಿ, ಹೂವಿನ ಬದಲು ಚಿಗುರು ಬರಿಸುತ್ತದೆ. ಆದ್ದರಿಂದ ಮುಂಗಾರು ಮಳೆಯನ್ನೇ ನಂಬಿ ಬೆಳೆದು, ಅಕ್ಟೋಬರ್ ಮೊದಲ ವಾರದೊಳಗೆ ಕೊಯ್ಲು ಮುಗಿಯುವ ಬೆಳೆಯನ್ನೇ ಆರಿಸಬೇಕು. ಈ ಲೆಕ್ಕಕ್ಕೆ ನವಣೆ ಚೆನ್ನಾಗಿ ಹೊಂದುತ್ತದೆ: ನಂದ್ಯಾಲದ ಸಂಶೋಧನಾ ಕೇಂದ್ರದ ಎಸ್‌ಐಎ 3085 ತಳಿ 80–85 ದಿನಕ್ಕೆ, ಸೂರ್ಯನಂದಿ ಸುಮಾರು 75 ದಿನಕ್ಕೆ ಮಾಗುತ್ತವೆ. ಜಿಪಿಯು 28 ರಾಗಿಗೆ 110 ದಿನಕ್ಕೂ ಹೆಚ್ಚು ಬೇಕಾಗುವುದರಿಂದ ಅದು ಎಳೆಯ ತೋಟಕ್ಕಷ್ಟೇ ಸರಿ. ಬೆಲೆ ಇದೆಯೆಂದು ಮುಸುಕಿನ ಜೋಳ ಹಾಕುವವರಿದ್ದಾರೆ. ಅದು ಎತ್ತರಕ್ಕೆ ಬೆಳೆದು ಸಸಿಗೆ ನೆರಳು ಕವಿಸುತ್ತದೆ, ಗೊಬ್ಬರವನ್ನೂ ನೀರನ್ನೂ ಬಾಚಿಕೊಳ್ಳುತ್ತದೆ. ಅಂಥ ಲಾಭವು ಮರದಿಂದ ತಂದ ಸಾಲವೇ ಸರಿ.

ಬಿತ್ತುವ ಮುಂಚೆ ಪಟ್ಟೆಯನ್ನು ಗುರುತಿಸಿಕೊಳ್ಳಿ. ಮೊದಲೆರಡು ವರ್ಷ ಬುಡದಿಂದ ಎರಡೂ ಕಡೆ ಒಂದೊಂದು ಮೀಟರ್, ಮೂರು–ನಾಲ್ಕನೆಯ ವರ್ಷ ಒಂದೂವರೆಯಿಂದ ಎರಡು ಮೀಟರ್ ಬಿಡಬೇಕು. ಆಮೇಲೆ ಕೊಂಬೆಯ ತುದಿ ಎಲ್ಲಿದೆಯೋ ಅಲ್ಲಿಂದ ಅರ್ಧ ಮೀಟರ್ ಆಚೆಗೇ ಬಿತ್ತನೆ. ಮೇಲುಪದರದ ಸಣ್ಣ ಬೇರುಗಳು ಹರಿಯದಂತೆ ಪಟ್ಟೆಯ ಅಂಚಿನಲ್ಲಿ ನೇಗಿಲನ್ನು ಆಳಕ್ಕಿಳಿಸಬಾರದು. ಇಳಿಜಾರಿಗೆ ಅಡ್ಡಲಾಗಿ ಉತ್ತು, ಪ್ರತಿ ಸಸಿಯ ಕೆಳಮಗ್ಗುಲಲ್ಲಿ ಅರ್ಧಚಂದ್ರಾಕಾರದ ಸಣ್ಣ ಬದು ಹಾಕಿದರೆ ಪಟ್ಟೆಯಿಂದ ಹರಿದ ನೀರು ಸಸಿಯ ಪಾತಿಯಲ್ಲಿ ನಿಲ್ಲುತ್ತದೆ.

ಆರಿದ್ರಾ ಅಥವಾ ಪುನರ್ವಸು ಮಳೆಯಲ್ಲಿ, ಎಂದರೆ ಜೂನ್ ಕೊನೆಯಿಂದ ಜುಲೈ ಮಧ್ಯದವರೆಗೆ, ಹದ ನೋಡಿ ಬಿತ್ತಬೇಕು. ನಾಲ್ಕು ಬೆರಳಿನಾಳದ ಮಣ್ಣನ್ನು ಹಿಡಿಯಲ್ಲಿ ಅದುಮಿದಾಗ ಉಂಡೆ ಕಟ್ಟಿ, ಬೆರಳು ತಾಗಿಸಿದರೆ ಉದುರಬೇಕು. ಮೇಲಷ್ಟೇ ನೆನೆದಿದ್ದರೆ ಮೊಳಕೆಯೊಡೆದ ಪೈರು ವಾರದೊಳಗೆ ಒಣಗುತ್ತದೆ. ಪೂರ್ತಿ ಎಕರೆಗೆ ಮೂರು ಕಿಲೋ ಬೀಜ ಬೇಕಾದರೆ, ಮಾವಿನ ನಡುವಿನ ಏಳು ಮೀಟರ್ ಪಟ್ಟೆಗಳಿಗೆ ಎರಡು ಕಿಲೋ ಸಾಕು. ನವಣೆ ಬೀಜ ಬಹಳ ಸಣ್ಣದಾದ್ದರಿಂದ ಜರಡಿ ಹಿಡಿದ ಒಣ ಮರಳಿನೊಂದಿಗೆ ಬೆರೆಸಿ, ಕೂರಿಗೆಯಿಂದ ಒಂದಡಿ ಅಂತರದ ಸಾಲಿನಲ್ಲಿ, ಎರಡು ಮೂರು ಸೆಂಟಿಮೀಟರಿಗಿಂತ ಆಳಕ್ಕೆ ಹೋಗದಂತೆ ಬಿತ್ತಬೇಕು. ನವಣೆಯ ನಡುನಡುವೆ ಹಾಕುವ ಅಕ್ಕಡಿ ಸಾಲಿಗೆ ಅಲಸಂದೆ ಅಥವಾ ಹೆಸರು ಒಳ್ಳೆಯದು. ತೊಗರಿ ಆರು ತಿಂಗಳು ನಿಲ್ಲುವುದರಿಂದ ಫಲ ಬಿಡುವ ತೋಟದಲ್ಲಿ ಬೇಡ.

ಎರಡು ಮೂರು ವಾರಕ್ಕೆ ಸಾಲುಗಳ ನಡುವೆ ಕಳೆ ತೆಗೆಯುವ ಎಡೆಕುಂಟೆ ಹೊಡೆದು, ದಟ್ಟವಾಗಿರುವ ಕಡೆ ನಾಲ್ಕು ಬೆರಳಿಗೊಂದು ಪೈರು ಉಳಿಸಿ ಮಿಕ್ಕದ್ದನ್ನು ಕೀಳಬೇಕು. ಮೇಲುಗೊಬ್ಬರವನ್ನು ಮಳೆ ಬಂದ ಮರುದಿನವೇ ಹಾಕಬೇಕು. ಧಾನ್ಯಕ್ಕೆ ಕೊಟ್ಟ ಗೊಬ್ಬರ ಮಾವಿಗೂ ಆಯಿತೆಂದು ಭಾವಿಸದೆ, ಪಾತಿಗೆ ಬೇರೆಯಾಗಿಯೇ ಕೊಡಬೇಕು.

ಏಳೆಂಟು ವರ್ಷಕ್ಕೆ ಕೊಂಬೆಗಳು ಹರಡಿ ಬಿಸಿಲು ಕಡಿಮೆಯಾದ ಮೇಲೆ ನವಣೆ ಸೊರಗುತ್ತದೆ. ಆಗ ಕೊರಲೆ ಉಂಟು. ಹುಣಸೆ, ಹೊಂಗೆ ಮರಗಳ ನೆರಳಲ್ಲೂ ತೆನೆ ಕಟ್ಟುವ ಈ ಧಾನ್ಯ ಈ ಗಡಿಸೀಮೆಯ ರೈತರಿಗೆ ಹೊಸದಲ್ಲ.

ಕೊಯ್ಲಾದೊಡನೆ ಕೂಳೆಯನ್ನು ಮೇಲುಮೇಲೆ ಕುಂಟೆ ಹೊಡೆದು ನೆಲದ ಬಿರುಕು ಮುಚ್ಚಿ. ಮೇವಿಗೆ ಬೇಡವಾದ ಹುಲ್ಲನ್ನು ಪಾತಿಗೆ ಹೊದಿಸುವಾಗ ಕಾಂಡದ ಸುತ್ತ ಒಂದು ಗೇಣು ಬಿಟ್ಟಿರಬೇಕು, ಇಲ್ಲವಾದರೆ ಕೆಂಪು ನೆಲದ ಗೆದ್ದಲು ಹುಲ್ಲಿನಿಂದ ತೊಗಟೆಗೆ ಹತ್ತುತ್ತದೆ. ಬೇಲಿಯಿಲ್ಲದ ಎಳೆಯ ತೋಟಕ್ಕೆ ಕೂಳೆ ಮೇಯಲು ಕುರಿ, ಮೇಕೆಗಳನ್ನು ಬಿಡಲೇಬಾರದು.